ನೀವೇ ಕಲಿಸಿದ ಕ್ಯಾಪ್, ನೀವೇ ಬರೆದ ತೀರ್ಪು

ಹಲ್ಲಿನ ಆರೋಗ್ಯ ಇಲಾಖೆಯ ಮಾನ್ಯ ನಿರ್ದೇಶಕರೇ,

ಆರು ವರ್ಷದ ಹುಡುಗಿಯೊಬ್ಬಳ ಹುಳುಕು ಹಲ್ಲಿಗೆ ನಿಮ್ಮ ಇಲಾಖೆ ಕಲಿಸಿದ ಚಿಕಿತ್ಸೆಯನ್ನು, ನೀವು ಕಲಿಸಿದ ರೀತಿಯಲ್ಲೇ ಮಾಡಿದೆ. ಹಾಗೆ ಮಾಡಿದ್ದು ನಿರ್ಲಕ್ಷ್ಯ ಎಂದು ಅದೇ ಇಲಾಖೆ ಈಗ ತೀರ್ಪು ಕೊಟ್ಟಿದೆ. ಕಲಿಸಿದ ದಿನ ವೇದಿಕೆಯ ಮೇಲಿದ್ದವರು ನೀವು. ತೀರ್ಪಿನ ದಿನ ಮೇಜಿನ ಆಚೆ ಕುಳಿತಿದ್ದವರೂ ನೀವೇ. ಈಚೆ ಮಾತ್ರ ನಾನೊಬ್ಬಳೇ ಇದ್ದೆ. ಹೇಳಬೇಕಾದ್ದನ್ನೆಲ್ಲ ಆ ಕೋಣೆಯೊಳಗೇ ಹೇಳಿ ನೋಡಿದೆ, ನೀವು ಕಿವಿಗೆ ಹಾಕಿಕೊಳ್ಳಲಿಲ್ಲ. ಆದ್ದರಿಂದ ಈಗ ನಾಲ್ಕು ಜನರಿಗೆ ಕೇಳುವ ಹಾಗೆ ಹೇಳುತ್ತಿದ್ದೇನೆ.

ನಿಮಗೆ ನನ್ನ ನೆನಪು ಇರಲಿಕ್ಕಿಲ್ಲ. ನಿಮ್ಮ ಕಡತದಲ್ಲಿ ನಾನು ‘ಆರೋಪಿತ ವೈದ್ಯೆ’. ಊರಿನಲ್ಲಿ ನಾನು ‘ಚಿಕ್ಕ ಡಾಕ್ಟ್ರು’. ಅರ್ಧ ತಲೆ ಬೆಳ್ಳಗಾಗಿದೆ, ಓದುವುದಕ್ಕೊಂದು ಕನ್ನಡಕ, ಹಲ್ಲು ನೋಡುವುದಕ್ಕೆ ಇನ್ನೊಂದು ಕನ್ನಡಕ ಬಂದಿದೆ, ಆದರೂ ಚಿಕ್ಕ ಡಾಕ್ಟ್ರೇ. ಯಾಕೆಂದರೆ ದೊಡ್ಡ ಡಾಕ್ಟ್ರು, ಅಂದರೆ ನಮ್ಮಪ್ಪ, ಇವತ್ತಿಗೂ ಕ್ಲಿನಿಕ್ಕಿನ ಹೊರಕೋಣೆಯಲ್ಲಿ ಕಿಟಕಿ ಪಕ್ಕದ ಕುರ್ಚಿಯಲ್ಲಿ ಪೇಪರ್ ಹಿಡಿದು ಕೂರುತ್ತಾರೆ. ಕೈ ನಡುಗುವುದಕ್ಕೆ ಶುರುವಾದ ಮೇಲೆ ಅವರು ಉಪಕರಣ ಮುಟ್ಟಿಲ್ಲ. ಬಾಯಿಗೆ ಮಾತ್ರ ನಿವೃತ್ತಿ ಕೊಟ್ಟಿಲ್ಲ. ನನ್ನ ಹತ್ತಿರ ಬರುವ ಪ್ರತಿಯೊಬ್ಬರಿಗೂ ಮೊದಲ ಸಲಹೆ ಹೊರಗೇ ಸಿಕ್ಕಿರುತ್ತದೆ. ಅಪ್ಪನದು ಹಳೆಯ ಮತ. ಹುಳುಕೆಂದರೆ ಒಂದು ಚೂರೂ ಉಳಿಯಬಾರದು, ಗಟ್ಟಿ ಹಲ್ಲು ಸಿಗುವ ತನಕ ಕೆರೆದು ತೆಗೆಯಬೇಕು, ಆಮೇಲೇ ಮೇಲೆ ಸಿಮೆಂಟು. ಅವರ ಗುರುಗಳು ಅವರಿಗೆ ಹಾಗೆ ಕಲಿಸಿದ್ದರು, ಅವರು ನನಗೆ ಹಾಗೆ ಕಲಿಸಿದರು. ಕಾಲೇಜಿನಲ್ಲೂ ಅದನ್ನೇ ಹೇಳಿಕೊಟ್ಟರು.

ಆ ಮತದಿಂದ ನನ್ನನ್ನು ಬಿಡಿಸಿದವರು ನೀವು. ನಿಮ್ಮ ‘ಸಂಶೋಧನೆಯಿಂದ ರೋಗಿಯ ಕುರ್ಚಿಗೆ’ ತರಬೇತಿಯ ಆ ದಿನ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ನೀಲಿ ಪರದೆ ಎಳೆದ ದೊಡ್ಡ ಸಭಾಂಗಣ, ಗರಗರ ಎನ್ನುವ ಮೈಕು, ಮುಂದಿನ ಸಾಲಿನಲ್ಲಿ ಕೂರಲು ಒಬ್ಬರನ್ನೊಬ್ಬರು ಮುಂದೆ ತಳ್ಳುತ್ತಿದ್ದ ನಾವು ಊರೂರಿನ ಹಲ್ಲಿನ ಡಾಕ್ಟರುಗಳು. ನೀವು ಎದ್ದು ನಿಂತು, ಕಾಗದ ನೋಡದೆ ಮಾತಾಡಿದಿರಿ. ಬಾವು ಇಲ್ಲದ ಹಲ್ಲುನೋವಿಗೆ ಆಂಟಿಬಯೋಟಿಕ್ ಯಾಕೆ ಬರೆಯುತ್ತೀರಿ ಎಂದು ಕೇಳಿದಿರಿ. ಯಾವ ತೊಂದರೆಯನ್ನೂ ಕೊಡದೆ ತನ್ನ ಪಾಡಿಗೆ ಮಲಗಿರುವ ಕಡೆಯ ದವಡೆ ಹಲ್ಲನ್ನು ಎಬ್ಬಿಸಿ ಯಾಕೆ ಕೀಳುತ್ತೀರಿ ಎಂದಿರಿ. ಎಲ್ಲರೂ ಮಾಡುತ್ತಾರೆ ಎಂಬುದು ಕಾರಣವಲ್ಲ, ಪುರಾವೆ ಎಲ್ಲಿದೆ ಎಂದು ಪ್ರತಿದಿನ ನಿಮ್ಮನ್ನೇ ಕೇಳಿಕೊಳ್ಳಿ ಎಂದಿರಿ. ನಾನು ಅಂಗೈ ಕೆಂಪಾಗುವಷ್ಟು ಚಪ್ಪಾಳೆ ತಟ್ಟಿದೆ. ಪಕ್ಕದಲ್ಲಿದ್ದವರು ತಿರುಗಿ ನೋಡಿದರು.

ಆಮೇಲೆ ನೀವು ಹೇಳಿದ ಮಾತಿಗೇ ನಾನು ಪೂರ್ತಿ ಬಿದ್ದುಹೋದೆ. ಬದಲಾಗುವುದಕ್ಕೆ ಭಯ ಬೇಡ, ರೋಗಿಗಳು ಪ್ರಶ್ನಿಸಿದರೆ, ಯಾರಾದರೂ ದೂರು ಕೊಟ್ಟರೆ, ಉತ್ತರ ಹೇಳುವ ಹೊಣೆ ಇಲಾಖೆಯದು ಎಂದಿರಿ. ತಂದೆತಾಯಂದಿರಿಗೆ ಕೊಡಲು ಸರಳ ಭಾಷೆಯ ಕರಪತ್ರ ಕಳಿಸುತ್ತೇವೆ, ಸಂಶಯ ಬಂದರೆ ಕೇಳಲು ಫೋನ್ ನಂಬರು ಇರುತ್ತದೆ, ಅನುಭವಸ್ಥರೊಬ್ಬರು ನಿಮ್ಮ ಕ್ಲಿನಿಕ್ಕಿಗೇ ಬಂದು ಪಕ್ಕದಲ್ಲಿ ಕೂತು ಕೆಲಸ ನೋಡಿ ತಿದ್ದುತ್ತಾರೆ ಎಂದಿರಿ. ಕೇಳಲು ಎಷ್ಟು ಹಿತವಾಗಿತ್ತು! ಒಂದು ಬಾಗಿಲು, ಒಂದು ಕುರ್ಚಿ, ಒಬ್ಬ ಸಹಾಯಕಿ ಇರುವ ಕ್ಲಿನಿಕ್ಕಿನಲ್ಲಿ ಇಡೀ ಬದುಕು ಕಳೆಯುವವರಿಗೆ ‘ನೀವು ಒಬ್ಬರೇ ಅಲ್ಲ’ ಎಂದು ಯಾರು ಹೇಳುತ್ತಾರೆ ಹೇಳಿ? ನೀವು ಹೇಳಿದಿರಿ, ನಾನು ನಂಬಿದೆ.

ಊಟದ ನಂತರದ ತರಗತಿಯಲ್ಲಿ ಮಕ್ಕಳ ಹಾಲುಹಲ್ಲಿನ ಪಾಠ ಇತ್ತು. ಇದನ್ನು ಓದುತ್ತಿರುವವರಲ್ಲಿ ಹಲ್ಲಿನ ಡಾಕ್ಟರಲ್ಲದವರೇ ಹೆಚ್ಚು ಇರುತ್ತಾರೆ, ಅವರಿಗಾಗಿ ಹೇಳಿಬಿಡುತ್ತೇನೆ. ಮಗುವಿನ ದವಡೆ ಹಲ್ಲು ಹುಳುಕಾಗಿದೆ, ಆದರೆ ನರದವರೆಗೆ ಹೋಗಿಲ್ಲ, ಕೀವಿಲ್ಲ, ತಾನಾಗಿ ನೋಯುವುದಿಲ್ಲ ಎನ್ನಿ. ಅಂಥ ಹಲ್ಲಿಗೆ ಇಂಜೆಕ್ಷನ್ ಬೇಡ, ಕೊರೆಯುವುದೂ ಬೇಡ. ಹಲ್ಲುಗಳ ನಡುವೆ ಸಣ್ಣ ರಬ್ಬರ್ ಉಂಗುರ ಸಿಕ್ಕಿಸಿ ಕೆಲವು ದಿನ ಬಿಟ್ಟರೆ ಸ್ವಲ್ಪ ಜಾಗ ಆಗುತ್ತದೆ. ಆಮೇಲೆ ಅಳತೆಗೆ ಸರಿಯಾದ ಲೋಹದ ಕ್ಯಾಪಿನೊಳಗೆ ಸಿಮೆಂಟು ತುಂಬಿ ಹಲ್ಲಿನ ಮೇಲೆ ಕೂರಿಸಿ, ಹತ್ತಿ ಕಚ್ಚು ಎಂದು ಮಗುವಿಗೆ ಹೇಳಿದರೆ ಅದೇ ಒತ್ತಿಕೊಡುತ್ತದೆ. ಹುಳುಕು ಒಳಗೇ ಉಳಿಯುತ್ತದೆ, ನಿಜ. ಆದರೆ ಗಾಳಿ ಆಡದ ಹಾಗೆ ಬಾಗಿಲು ಮುಚ್ಚಿದ ಮೇಲೆ ಅದಕ್ಕೆ ತಿನ್ನಲು ಏನೂ ಸಿಗುವುದಿಲ್ಲ, ಅಲ್ಲೇ ನಿಂತುಹೋಗುತ್ತದೆ. ಹಲ್ಲು ತಾನಾಗಿ ಉದುರುವ ವಯಸ್ಸು ಬರುವವರೆಗೆ ಕ್ಯಾಪಿನ ಕೆಳಗೆ ತಣ್ಣಗೆ ಇರುತ್ತದೆ. ಕೊರೆದು ತುಂಬಿದ ಹಲ್ಲಿಗಿಂತ ಹೀಗೆ ಮುಚ್ಚಿದ ಹಲ್ಲು ಹೆಚ್ಚು ಬಾಳುತ್ತದೆ ಎಂಬುದಕ್ಕೆ ವರ್ಷಗಟ್ಟಲೆ ನಡೆಸಿದ ಅಧ್ಯಯನಗಳನ್ನು ನಿಮ್ಮ ತರಬೇತುದಾರರು ಪರದೆಯ ಮೇಲೆ ತೋರಿಸಿದರು. ನಾನು ನನ್ನ ಕೈಗಳನ್ನೇ ನೋಡಿಕೊಳ್ಳುತ್ತ ಕೂತೆ. ಈ ಕೈಯಿಂದ ಎಷ್ಟು ಮಕ್ಕಳನ್ನು ಅಳಿಸಿದ್ದೇನೆ, ಅಷ್ಟೂ ಅಳಬೇಕಾಗಿರಲಿಲ್ಲವೇ ಎಂದು ಲೆಕ್ಕ ಹಾಕತೊಡಗಿದೆ.

ಮನೆಗೆ ಬಂದು ಅಪ್ಪನಿಗೆ ಹೇಳಿದಾಗ ಅವರು ಪೇಪರ್ ಮಡಿಚಿಟ್ಟು, ಕೊಳೆತ ಹಲಗೆಯ ಮೇಲೆ ಬಣ್ಣ ಬಳಿಯುವುದನ್ನು ಕಲಿತು ಬಂದೆಯಾ ಎಂದು ಕೇಳಿದರು. ನಾನು ಅಧ್ಯಯನಗಳ ಲೆಕ್ಕ ಒಪ್ಪಿಸಿದೆ. ಅವರು ಅದನ್ನೆಲ್ಲ ಕೇಳಿಸಿಕೊಂಡು ಕೊನೆಗೆ ಒಂದೇ ಪ್ರಶ್ನೆ ಹಾಕಿದರು.

“ನಾಳೆ ಯಾರಾದ್ರೂ ಬಂದು ಜಗಳ ತೆಗೆದ್ರೆ ನಿನ್ನ ಇಲಾಖೆ ಬರುತ್ತಾ?”

“ಬರುತ್ತೆ ಅಪ್ಪಾ. ಬರ್ತೀವಿ ಅಂತ ಅವರೇ ಹೇಳಿದಾರೆ.”

“ಹೇಳ್ತಾರೆ” ಎಂದು ಅವರು ಮತ್ತೆ ಪೇಪರ್ ಬಿಡಿಸಿಕೊಂಡರು.

ಆದರೂ ಶುರು ಮಾಡಿದೆ. ಮೊದಲ ಕ್ಯಾಪ್ ಕೂರಿಸುವ ಮುಂಚೆ ಅಳತೆಯನ್ನು ಮೂರು ಮೂರು ಸಲ ನೋಡಿದೆ. ಮಗು ಮಾತ್ರ ಆರಾಮಾಗಿ ಕಾಲು ಆಡಿಸುತ್ತ ಕೂತಿತ್ತು. ಆಮೇಲಾಮೇಲೆ ಕೈ ಕುದುರಿತು. ಹೊರಕೋಣೆಯಲ್ಲಿ ಕೂತವರಿಗೆ ಒಳಗಿನ ಅಳು ಕೇಳಿಸುವುದು ನಿಂತಿತು. ಅಪ್ಪ ಸುಮ್ಮನೆ ಬಿಡುವವರಲ್ಲ. ಹೊರಗೆ ಬಂದ ಮಕ್ಕಳನ್ನು ಹತ್ತಿರ ಕರೆದು, ಬಾಯಿ ತೆಗೆಸಿ, ಟಾರ್ಚ್ ಬಿಟ್ಟು ನೋಡುತ್ತಿದ್ದರು. ತಿಂಗಳುಗಳ ನಂತರ ಅವೇ ಮಕ್ಕಳು ಮತ್ತೆ ಬಂದಾಗ ಇನ್ನೊಮ್ಮೆ ನೋಡುತ್ತಿದ್ದರು. ಒಂದು ದಿನ ಒಳಗಿನಿಂದ ನನಗೆ ಕೇಳಿಸಿತು, ಕಾಯುತ್ತಿದ್ದ ಯಾವುದೋ ತಾಯಿಗೆ ಅವರು ಹೇಳುತ್ತಿದ್ದರು, ನಮ್ಮ ಕಾಲದಲ್ಲಿ ಇದು ಗೊತ್ತಿರಲಿಲ್ಲಮ್ಮ, ಗೊತ್ತಿದ್ದರೆ ನಾನೂ ಹೀಗೇ ಮಾಡುತ್ತಿದ್ದೆ ಎಂದು. ಜೀವಮಾನವಿಡೀ ಒಂದನ್ನೇ ನಂಬಿದ್ದ ಮನುಷ್ಯ ಕಣ್ಣಾರೆ ಕಂಡ ಮೇಲೆ ಬದಲಾದರು. ಪುರಾವೆ ಎಂದರೆ ಅದೇ ತಾನೆ?

ಇನ್ನು ನೀವು ಕೊಟ್ಟ ಮಾತುಗಳ ಕಥೆ. ಕರಪತ್ರ ಎಂದು ಕೇಳಿದಾಗಲೆಲ್ಲ ಅದು ಪ್ರಿಂಟಿಗೆ ಹೋಗಿತ್ತು. ಯಾವ ಪ್ರಿಂಟಿಗೆ ಹೋಯಿತೋ, ವಾಪಸು ದಾರಿ ತಪ್ಪಿತೋ, ಇನ್ನೂ ಬಂದಿಲ್ಲ. ಪಕ್ಕದಲ್ಲಿ ಕೂತು ತಿದ್ದುವ ಅನುಭವಸ್ಥರೂ ಬರಲಿಲ್ಲ. ಬಂದವರು ಫೋಟೋದವರು. ನನ್ನದು ‘ಮಾದರಿ ಕ್ಲಿನಿಕ್’ ಎಂದು ಆಯ್ಕೆಯಾಗಿದೆ, ವಾರ್ಷಿಕ ವರದಿಗೆ ಚಿತ್ರ ಬೇಕು ಎಂದರು. ನಾನು ಒಂದು ಮಗುವಿನ ಪಕ್ಕದಲ್ಲಿ ಕ್ಯಾಪ್ ಹಿಡಿದು ನಿಂತೆ. ಫೋಟೋದವರಿಗೆ ಸಮಾಧಾನ ಆಗಲಿಲ್ಲ. “ಕೈಲಿ ಡ್ರಿಲ್ ಹಿಡ್ಕೊಳ್ಳಿ ಮೇಡಂ, ಇಲ್ಲಾಂದ್ರೆ ಹಲ್ಲಿನ ಡಾಕ್ಟ್ರು ಅಂತ ಗೊತ್ತಾಗಲ್ಲ” ಎಂದರು. ಕೊರೆಯದ ಚಿಕಿತ್ಸೆಯ ಪ್ರಚಾರಕ್ಕೆ ಕೊರೆಯುವ ಯಂತ್ರ ಹಿಡಿದು ನಕ್ಕೆ. ಆಗ ಅದು ನನಗೆ ಬರೀ ತಮಾಷೆಯಾಗಿ ಕಂಡಿತ್ತು.

ಈಗ ಆ ಹುಡುಗಿಯ ವಿಷಯ. ನಮ್ಮ ಬೀದಿಯ ತಿರುವಿನಲ್ಲಿ ಟೈಲರ್ ಅಂಗಡಿ ಇದೆ. ಆ ಟೈಲರ್ ಅವರ ಚಿಕ್ಕ ಮಗಳು. ತಾಯಿಯ ಕೈ ಬಿಡಿಸಿಕೊಂಡು ತಾನೇ ಕುರ್ಚಿ ಹತ್ತಿ ಕೂತ ಮಗು ಅದು. ಕ್ಯಾಪನ್ನು ಮೊದಲು ಅವಳ ಬೆರಳ ತುದಿಗೆ ಹಾಕಿ ಆಡಲು ಬಿಟ್ಟೆ. ಆಮೇಲೆ ಹಲ್ಲಿಗೆ ಕೂರಿಸಿದೆ. ಕಚ್ಚಿದಳು, ಮುಖ ಸಿಂಡರಿಸಿದಳು, ಸಿಮೆಂಟು ಒರೆಸುವಾಗ ನನ್ನ ಬೆರಳನ್ನೂ ಕಚ್ಚಿದಳು. ಕನ್ನಡಿ ಕೊಟ್ಟಾಗ ಬಾಯಿ ಅಗಲಿಸಿ ನೋಡಿಕೊಂಡು, “ಇಷ್ಟೇನಾ?” ಎಂದಳು, ಏನೋ ಮೋಸ ಆಯಿತು ಎನ್ನುವ ದನಿಯಲ್ಲಿ. ತಾಯಿಗೆ ನಾನು ಎಲ್ಲವನ್ನೂ ಬಿಡಿಸಿ ಹೇಳಿದ್ದೆ. ಒಳಗೆ ಹುಳುಕು ಇರುತ್ತದೆ, ಆದರೆ ಅದರ ಆಟ ಮುಗಿದಿರುತ್ತದೆ, ಹೆದರಬೇಡಿ ಎಂದಿದ್ದೆ. ಅವರಿಗೆ ಅರ್ಥವಾಗಿತ್ತು, ಒಪ್ಪಿದ್ದರು. ಆದರೆ ಇಂಥದ್ದನ್ನು ಒಮ್ಮೆ ಕೇಳಿ, ಮನೆಗೆ ಹೋಗಿ, ಅಡುಗೆ ಮಾಡುತ್ತ, ಬಟ್ಟೆ ಮಡಿಚುತ್ತ ಗಂಡನಿಗೆ ತಿರುಗಿ ಹೇಳುವುದು ಸುಲಭವಲ್ಲ. ಮನೆಯಲ್ಲಿ ಅವರು ಹೇಳಿದ್ದು ಇಷ್ಟೇ, ಡಾಕ್ಟ್ರು ಕ್ಯಾಪ್ ಹಾಕಿದ್ದಾರೆ. ಆ ಕರಪತ್ರ ಅವರ ಕೈಯಲ್ಲಿ ಇದ್ದಿದ್ದರೆ ಉಳಿದದ್ದನ್ನು ಅದು ಹೇಳುತ್ತಿತ್ತು.

ಕೆಲವು ತಿಂಗಳ ಮೇಲೆ, ಯಾವುದೋ ಮದುವೆಗೆಂದು ನಾನು ಕ್ಲಿನಿಕ್ ಮುಚ್ಚಿ ಬೇರೆ ಊರಿಗೆ ಹೋಗಿದ್ದಾಗ, ಹುಡುಗಿಯ ಒಸಡು ಸ್ವಲ್ಪ ಕೆಂಪಾಗಿ ಉರಿ ಬಂತು. ಕ್ಯಾಪಿನ ಪಕ್ಕದಲ್ಲಿ ತಿಂದದ್ದು ಸಿಕ್ಕಿಕೊಂಡರೆ ಹಾಗಾಗುತ್ತದೆ, ಚೆನ್ನಾಗಿ ಉಜ್ಜಿದರೆ ಹೋಗುತ್ತದೆ. ಟೈಲರ್ ಮಗಳನ್ನು ಪಕ್ಕದ ಬೀದಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಆ ಡಾಕ್ಟರು ಕ್ಯಾಪನ್ನು ಕತ್ತರಿಸಿ ತೆಗೆದರು. ಕೆಳಗೆ ಕಂದು ಬಣ್ಣದ ಹುಳುಕು, ನಾನು ಬಿಟ್ಟ ಹಾಗೆಯೇ, ಒಂದು ಚೂರೂ ಮುಂದೆ ಹೋಗದೆ ಒಣಗಿ ಕೂತಿತ್ತು. ಅಂದರೆ ಚಿಕಿತ್ಸೆ ಫಲ ಕೊಟ್ಟಿತ್ತು ಎಂಬುದಕ್ಕೆ ಅದೇ ಸಾಕ್ಷಿ. ಆದರೆ ಟೈಲರ್ ತಮ್ಮ ಮೊಬೈಲಿನಲ್ಲಿ ತೆಗೆದ ಫೋಟೋದಲ್ಲಿ ಒಣಗಿದ ಹುಳುಕೂ ಹುಳುಕಾಗಿಯೇ ಕಾಣುತ್ತದೆ. ಬಾಗಿಲು ತೆಗೆದ ಮೇಲೆ ಪೂರ್ತಿ ಗುಡಿಸಲೇಬೇಕಲ್ಲ, ಅವರು ಕೆರೆದರು. ಕೆರೆಯುತ್ತ ನರ ಮುಟ್ಟಿತು. ಕೊನೆಗೆ ಹಲ್ಲನ್ನೇ ಕಿತ್ತರು. ಹಾಗೆ ಕೀಳುವಾಗ ಕೈಕಾಲು ಅಲುಗಾಡದ ಹಾಗೆ ಮಗಳನ್ನು ಹಿಡಿದುಕೊಂಡವರು ಆ ಟೈಲರೇ.

ನಾನು ವಾಪಸು ಬಂದು ಬಾಗಿಲು ತೆರೆದಾಗ ಟೈಲರ್ ಹೊರಕೋಣೆಯಲ್ಲಿ ನಿಂತಿದ್ದರು. ಕುತ್ತಿಗೆಯಲ್ಲಿ ಅಳತೆ ಪಟ್ಟಿ ಹಾಗೇ ಇತ್ತು. ಕೂಗಾಡಿದ್ದರೆ ನನಗೂ ಸುಲಭವಾಗುತ್ತಿತ್ತು. ಅವರು ಕೂಗಾಡಲಿಲ್ಲ. ಮೊಬೈಲಿನ ಫೋಟೋ ನನ್ನ ಮುಖದ ಹತ್ತಿರ ಹಿಡಿದರು.

“ಡಾಕ್ಟ್ರೇ, ನಾನು ಬಟ್ಟೆ ಹೊಲಿಯೋನು. ಹರಿದಿದ್ದು ಕಾಣದ ಹಾಗೆ ಮೇಲೆ ತೇಪೆ ಹಾಕಿ, ಸರಿ ಮಾಡಿದೀನಿ ಅಂತ ಕೊಟ್ರೆ ಜನ ನನ್ನ ಏನಂತಾರೆ? ನೀವು ನನ್ನ ಮಗಳ ಬಾಯಲ್ಲಿ ಅದನ್ನೇ ಮಾಡಿದ್ರಲ್ಲ.”

ನಾನು ವಿವರಿಸಲು ಹೋದೆ. ಮುಚ್ಚಿದರೆ ಹುಳುಕು ನಿಲ್ಲುತ್ತದೆ ಎಂದೆ, ಅಧ್ಯಯನ ಎಂದೆ, ಇಲಾಖೆ ಎಂದೆ. ಫೋಟೋದ ಎದುರು ನನ್ನ ಒಂದು ಮಾತೂ ನಿಲ್ಲಲಿಲ್ಲ. ಕಾಯುತ್ತಿದ್ದ ಹೆಂಗಸೊಬ್ಬರು ಚೀಲ ಎತ್ತಿಕೊಂಡು, ಮಗನ ಕೈ ಹಿಡಿದು ಹೊರಟೇಬಿಟ್ಟರು. ಅಪ್ಪ ಎದ್ದು ನಿಂತು ಟೈಲರಿಗೆ ಏನೋ ಹೇಳಲು ಹೋದರು, ಅವರು ಕೈಮುಗಿದು, ನಿಮ್ಮ ಕಾಲದಲ್ಲಿ ಹೀಗಿರಲಿಲ್ಲ ದೊಡ್ಡ ಡಾಕ್ಟ್ರೇ ಎಂದರು. ಅಪ್ಪ ಮತ್ತೆ ಕುರ್ಚಿಯಲ್ಲಿ ಕೂತರು.

ಆ ಹೊತ್ತಿಗೆ ನನಗೆ ನೀವು ನೆನಪಾದಿರಿ. ಉತ್ತರ ಹೇಳುವ ಹೊಣೆ ಇಲಾಖೆಯದು ಎಂದಿದ್ದಿರಲ್ಲ, ನಿಮ್ಮ ನಂಬರಿಗೆ ಫೋನ್ ಮಾಡಿದೆ. ಯಾರಾದರೂ ಒಬ್ಬರು ಬಂದು, ಇಲ್ಲ ಫೋನಿನಲ್ಲಾದರೂ, ಈ ತಂದೆಯ ಹತ್ತಿರ ಎರಡು ಮಾತಾಡಿ ಎಂದು ಬೇಡಿಕೊಳ್ಳಬೇಕಿತ್ತು. ಬಹಳ ಹೊತ್ತು ರಿಂಗಾದ ಮೇಲೆ ಒಬ್ಬರು ಎತ್ತಿದರು. “ಆ ಯೋಜನೆ ಮುಗೀತಲ್ಲ ಮೇಡಂ, ನಿಮಗೆ ಗೊತ್ತಿಲ್ವಾ?” ಎಂದರು. ಇಲ್ಲ ಮಾನ್ಯರೇ, ನನಗೆ ಗೊತ್ತಿರಲಿಲ್ಲ. ಶುರು ಮಾಡುವಾಗ ಬ್ಯಾನರ್ ಕಟ್ಟಿ ಕರೆದವರು ಮುಗಿಸುವಾಗ ಒಂದು ಮೆಸೇಜಾದರೂ ಹಾಕಬಹುದಿತ್ತು. ನಿಮ್ಮ ಯೋಜನೆ ಮುಗಿಯಿತು ಎಂದು ಅದರಲ್ಲಿ ಹಾಕಿದ ಕ್ಯಾಪುಗಳು ಮಕ್ಕಳ ಬಾಯಿಯಿಂದ ಎದ್ದು ಹೋಗುತ್ತವೆಯೇ? ನನ್ನನ್ನು ನೀರಿಗೆ ಇಳಿಸಿ, ನಡುನೀರಿನಲ್ಲಿ ಕೈಬಿಟ್ಟು, ದಡದಲ್ಲಿ ನಿಂತು ಈಜು ಬರಲ್ಲವೇ ಎಂದು ಕೇಳಿದ ಹಾಗಾಯಿತು.

ಪಕ್ಕದ ಬೀದಿಯ ಡಾಕ್ಟರ ಮೇಲೆ ನನಗೆ ಕೆಂಡದಂಥ ಕೋಪ ಇತ್ತು. ಅವರೂ ಅದೇ ತರಬೇತಿಗೆ ಬಂದಿದ್ದವರು, ನನಗಿಂತ ಒಂದು ಸಾಲು ಮುಂದೆ ಕೂತಿದ್ದವರು. ನೇರ ಹೋಗಿ ಕೇಳಿದೆ, ನಿಮಗೂ ಇದು ಗೊತ್ತಲ್ಲ, ಆದರೂ ಯಾಕೆ ತೆಗೆದಿರಿ ಎಂದು. ಅವರು ತಲೆ ತಗ್ಗಿಸಿಕೊಂಡು ಕೈಗವಸು ಕಳಚುತ್ತ ನಿಂತರು.

“ಗೊತ್ತು ಮೇಡಂ. ಆದ್ರೆ ಆ ಅಪ್ಪ ಎದುರಿಗೆ ನಿಂತು, ಕ್ಯಾಪಿನ ಕೆಳಗೆ ಹುಳುಕು ಇದೆಯಾ ಇಲ್ವಾ ಅಂತ ಕೇಳಿದ್ರು. ಇದೆ ಅಂದೆ. ಹಂಗಾದ್ರೆ ತೆಗೀರಿ ಅಂದ್ರು. ಬೇಡ ಅಂತ ಹೇಳಿ, ನಾಳೆ ಏನಾದ್ರೂ ಆದ್ರೆ, ನನ್ನ ಕಡೆ ಯಾರಿದಾರೆ?”

ನನ್ನ ಕೋಪ ಅಲ್ಲೇ ಇಳಿಯಿತು. ಇಳಿದದ್ದು ಎಲ್ಲಿಗೂ ಹೋಗಲಿಲ್ಲ, ನಿಮ್ಮ ವಿಳಾಸ ಹುಡುಕಿಕೊಂಡು ಬಂದಿದೆ. ಅವರು ಮಾಡಿದ್ದು ತಪ್ಪು. ಆದರೆ ಅವರ ಭಯ ತಪ್ಪಲ್ಲ ಎಂಬುದನ್ನು ಆಮೇಲೆ ನೀವೇ ಸಾಬೀತು ಮಾಡಿಕೊಟ್ಟಿರಿ.

ಟೈಲರ್ ದೂರು ಕೊಟ್ಟರು. ಕೊಡಲೇಬೇಕಿತ್ತು, ಅವರ ಜಾಗದಲ್ಲಿ ನಾನಿದ್ದರೂ ಕೊಡುತ್ತಿದ್ದೆ. ವಿಚಾರಣೆಗೆ ನಿಮ್ಮ ಕಚೇರಿಗೆ ಬಂದೆ. ಕರೆಯುವವರೆಗೆ ಕಾರಿಡಾರಿನ ಬೆಂಚಿನಲ್ಲಿ ಕೂರಿ ಎಂದರು. ಕೂತು ತಲೆ ಎತ್ತಿ ನೋಡಿದರೆ ಎದುರು ಗೋಡೆಯ ಮೇಲೆ ಚೌಕಟ್ಟು ಹಾಕಿದ ನನ್ನದೇ ಫೋಟೋ, ಕೈಯಲ್ಲಿ ಡ್ರಿಲ್ಲು, ಮುಖದಲ್ಲಿ ನಗು, ಕೆಳಗೆ ‘ಬದಲಾವಣೆಯ ಹರಿಕಾರರು’ ಎಂಬ ಅಕ್ಷರ. ಅಲ್ಲಿಂದ ಓಡಾಡುತ್ತಿದ್ದ ಗುಮಾಸ್ತರೊಬ್ಬರು ಒಮ್ಮೆ ಫೋಟೋ, ಒಮ್ಮೆ ನನ್ನ ಮುಖ ನೋಡಿ, ಸನ್ಮಾನಕ್ಕೆ ಬಂದಿದ್ದೀರಾ ಎಂದು ಕೇಳಿದರು. ಹೌದು ಎಂದೆ. ಬೇರೆ ಏನು ಹೇಳಲಿ?

ಒಳಗೆ ನಿಮ್ಮ ಎಡಬಲದಲ್ಲಿ ವಿಚಾರಣಾ ಸಮಿತಿಯ ಇಬ್ಬರು ಸದಸ್ಯರಿದ್ದರು. ನೀವು ಮಧ್ಯದಲ್ಲಿದ್ದಿರಿ. ಕ್ಯಾಪ್ ಹಾಕುವ ಮೊದಲು ಹುಳುಕು ತೆಗೆದಿರಾ ಎಂದು ಕೇಳಿದರು. ಇಲ್ಲ ಎಂದೆ. ತಿಳಿದೂ ಬಿಟ್ಟಿರಾ ಎಂದರು. ಹೌದು, ಅದೇ ಚಿಕಿತ್ಸೆ ಎಂದೆ. ಈ ಭಾಗದ ಬಹುಪಾಲು ವೈದ್ಯರು ಹಾಗೆ ಮಾಡುವುದಿಲ್ಲವಲ್ಲ ಎಂದರು. ನಾನು ಅವರನ್ನು ಬಿಟ್ಟು ನಿಮ್ಮ ಕಡೆ ತಿರುಗಿದೆ. ನೀವು ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದಿರಿ.

“ಸರ್, ಇದನ್ನ ನೀವೇ ಕಲಿಸಿದ್ದು ಅಲ್ವಾ?” ಎಂದೆ.

ನೀವು ತಲೆ ಎತ್ತಲಿಲ್ಲ. “ಅದು ತರಬೇತಿ, ಡಾಕ್ಟ್ರೇ. ಇದು ವಿಚಾರಣೆ” ಎಂದಿರಿ.

ಮಾನ್ಯರೇ, ಆ ಮಾತು ನನಗೆ ಆದೇಶಕ್ಕಿಂತ ಹೆಚ್ಚು ಚುಚ್ಚಿತು. ಇಲ್ಲ ಎಂದು ಸುಳ್ಳು ಹೇಳಿದ್ದರೆ ಜಗಳವಾಡಬಹುದಿತ್ತು. ಮರೆತಿದ್ದೇನೆ ಎಂದಿದ್ದರೆ ನೆನಪಿಸಬಹುದಿತ್ತು. ನಿಮಗೆ ಎಲ್ಲವೂ ನೆನಪಿತ್ತು. ನೆನಪಿಟ್ಟುಕೊಂಡೇ ನನ್ನನ್ನು ಕೈಬಿಟ್ಟಿರಿ. ಇದಕ್ಕೆ ವಿಶ್ವಾಸದ್ರೋಹ ಎನ್ನದೆ ಬೇರೆ ಯಾವ ಪದ ಬಳಸಬೇಕೋ ನಿಮ್ಮ ಕಚೇರಿಯ ಪದಕೋಶದಲ್ಲಿದ್ದರೆ ತಿಳಿಸಿ.

ತೀರ್ಪಿನ ತರ್ಕವನ್ನೂ ಸ್ವಲ್ಪ ನೋಡೋಣ. ರೂಢಿಯಲ್ಲಿರುವ ಪದ್ಧತಿಯನ್ನು ಅನುಸರಿಸಿಲ್ಲ, ಆದ್ದರಿಂದ ನಿರ್ಲಕ್ಷ್ಯ ಎಂದು ಬರೆದಿದ್ದೀರಿ. ರೂಢಿಯಲ್ಲಿರುವುದು ಸರಿಯಾಗಿದ್ದರೆ ತರಬೇತಿ ಯಾಕೆ ನಡೆಸಿದಿರಿ? ಹೆಚ್ಚಿನವರು ಮಾಡುವುದಿಲ್ಲ ಎಂಬುದು ನಿಮ್ಮ ಆಕ್ಷೇಪವಾಗಿತ್ತು, ಈಗ ಅದೇ ನಿಮ್ಮ ಅಳತೆಗೋಲಾಯಿತೇ? ಹಾಗಾದರೆ ಹೊಸದನ್ನು ಮೊದಲು ಮಾಡುವವರು ಯಾರೇ ಆಗಲಿ ತಪ್ಪಿತಸ್ಥರೇ. ಎಲ್ಲರೂ ಒಂದೇ ದಿನ, ಒಂದೇ ಗಳಿಗೆಯಲ್ಲಿ ಬದಲಾದರೆ ಮಾತ್ರ ಯಾರೂ ತಪ್ಪಿತಸ್ಥರಲ್ಲ. ಆ ಶುಭ ಗಳಿಗೆ ಯಾವಾಗ ಎಂದು ಇಲಾಖೆ ಪ್ರಕಟಿಸಿದರೆ ಅಲ್ಲಿಯವರೆಗೆ ನಾವೆಲ್ಲ ಡ್ರಿಲ್ ಹಿಡಿದು ಕಾಯುತ್ತೇವೆ.

ನಿಮ್ಮಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಡಾಕ್ಟರುಗಳು ಹಳೆಯ ಪದ್ಧತಿ ಬಿಡದಿರುವುದು ಓದದ ಕಾರಣ, ಅಥವಾ ಸೋಮಾರಿತನದಿಂದ ಎಂದು ನೀವು ತಿಳಿದಿದ್ದೀರಿ. ಅದಕ್ಕೇ ನಿಮ್ಮ ಮದ್ದು ಭಾಷಣ. ಒಂದು ದಿನ ಭಾಷಣ ಕೇಳಿಸಿ, ಪ್ರಮಾಣಪತ್ರ ಕೊಟ್ಟು, ಊಟ ಹಾಕಿ ಕಳಿಸಿದರೆ ಕೆಲಸ ಮುಗಿಯಿತು. ಓದಿ ತಿಳಿಯುವುದು ಇದರಲ್ಲಿ ಅತ್ಯಂತ ಸುಲಭದ ಭಾಗ. ಕಷ್ಟ ಬರುವುದು ತಿಳಿದದ್ದನ್ನು ಎದುರಿಗೆ ನಿಂತ ತಂದೆಗೆ ಹೇಳುವಾಗ. ಆಂಟಿಬಯೋಟಿಕ್ ಬೇಡ ಎಂದರೆ, ಈ ಡಾಕ್ಟರಿಗೆ ಏನೂ ಬರುವುದಿಲ್ಲ ಎಂದು ಮೂಗು ಮುರಿದು ಮುಂದಿನ ಕ್ಲಿನಿಕ್ಕಿಗೆ ಹೋಗುವವರನ್ನು ನೋಡುತ್ತ ನಿಲ್ಲುವಾಗ. ಏನೂ ಮಾಡದಿರುವುದೇ ಒಳ್ಳೆಯದು ಎಂದು ಹೇಳಲು ಡಾಕ್ಟರಿಗೆ ಧೈರ್ಯ ಬೇಕು, ಏನಾದರೊಂದು ಮಾಡಲು ಬೇಡ. ಆ ಧೈರ್ಯವನ್ನು ಒಬ್ಬೊಬ್ಬರೇ ಎಲ್ಲಿಂದ ತರುವುದು? ಹೊಸದಾಗಿ ಮಾಡಿದ್ದನ್ನು ಪಕ್ಕದಲ್ಲಿ ಕೂತು ನೋಡಿ, ಹೌದು ಸರಿಯಾಗಿದೆ ಎನ್ನುವ ಒಬ್ಬರು ಬೇಕು. ನನ್ನ ಫಲಿತಾಂಶ ಹೇಗಿದೆ, ಬೇರೆಯವರದು ಹೇಗಿದೆ ಎಂದು ವರ್ಷಕ್ಕೊಮ್ಮೆಯಾದರೂ ತಿರುಗಿ ಹೇಳುವವರು ಬೇಕು. ನನ್ನ ಬಾಯಿಂದ ಬಂದರೆ ಸಬೂಬು ಎನಿಸುವ ಮಾತನ್ನು ಸರ್ಕಾರದ ಮುದ್ರೆ ಹಾಕಿ ಹೇಳುವ ಒಂದು ಕಾಗದ ಬೇಕು. ದೂರು ಬಂದ ದಿನ, ಇದನ್ನು ಮಾಡಲು ನಾವೇ ಹೇಳಿದ್ದೆವು ಎಂದು ಎದ್ದು ನಿಲ್ಲುವವರು ಬೇಕು. ಇವೆಲ್ಲ ನನ್ನ ಬೇಡಿಕೆಗಳಲ್ಲ, ಮೈಕಿನಲ್ಲಿ ನೀವೇ ಕೊಟ್ಟ ಮಾತುಗಳು.

ಆದೇಶದ ಪ್ರಕಾರ ನಾನು ಮುಂದಿನ ಸೂಚನೆಯವರೆಗೆ ಈ ಚಿಕಿತ್ಸೆ ಮಾಡುವಂತಿಲ್ಲ. ಕಡ್ಡಾಯವಾಗಿ ಮರುತರಬೇತಿಗೂ ಬರಬೇಕು. ಮರುತರಬೇತಿಯಲ್ಲಿ ಏನು ಕಲಿಸುತ್ತೀರಿ ಎಂದು ನಿಮ್ಮ ಕಚೇರಿಗೆ ಫೋನ್ ಮಾಡಿದೆ. ಹಳೆಯ ಯೋಜನೆಗೆ ಈಗ ‘ಹೊಸ ನಗು’ ಎಂದು ನಾಮಕರಣ ಆಗಿದೆಯಂತೆ. ಗುಮಾಸ್ತರು ವಿಷಯಗಳನ್ನು ಒಂದೊಂದಾಗಿ ಓದುತ್ತ ಹೋದರು. ಊಟದ ನಂತರದ ತರಗತಿ, ಮಕ್ಕಳ ಹಾಲುಹಲ್ಲಿಗೆ ಕೊರೆಯದೆ ಕ್ಯಾಪ್ ಹಾಕುವ ವಿಧಾನ. ನಾನು ನಕ್ಕುಬಿಟ್ಟೆ. ಅವರಿಗೆ ಬೇಜಾರಾಯಿತು, ಇದರಲ್ಲಿ ನಗುವಂಥದ್ದು ಏನಿದೆ ಮೇಡಂ ಎಂದರು.

ನಗುವಂಥದ್ದು ನಿಜಕ್ಕೂ ಏನೂ ಇರಲಿಲ್ಲ. ಕಳೆದ ವಾರ ನಾಲ್ಕು ವರ್ಷದ ಒಂದು ಮಗು ಬಂತು. ಕ್ಯಾಪ್ ಹಾಕಿ ಕಳಿಸಬಹುದಾಗಿದ್ದ ಹಲ್ಲು. ನಿಮ್ಮ ಆದೇಶಕ್ಕೆ ತಲೆಬಾಗಿ ಇಂಜೆಕ್ಷನ್ ಕೊಟ್ಟೆ, ಕೊರೆದೆ, ಕೆರೆದೆ. ಸಹಾಯಕಿ ಕೈ ಹಿಡಿದುಕೊಂಡಳು, ತಾಯಿ ಕಾಲು ಹಿಡಿದುಕೊಂಡರು. ಮಗು ಅತ್ತು ಅತ್ತು ದನಿ ಹೋಗಿ, ಕೊನೆಗೆ ಬಿಕ್ಕುವುದಕ್ಕೂ ಆಗದೆ ನನ್ನನ್ನೇ ನೋಡುತ್ತ ಮಲಗಿತ್ತು. ಎಲ್ಲ ಮುಗಿದು ಬೆವರು ಒರೆಸಿಕೊಳ್ಳುತ್ತಿದ್ದಾಗ ಆ ತಾಯಿ ಹತ್ತಿರ ಬಂದು ನನ್ನ ಕೈ ಹಿಡಿದರು. “ಪೂರ್ತಿ ಕ್ಲೀನ್ ಮಾಡಿದ್ರಲ್ಲ ಡಾಕ್ಟ್ರೇ, ಈಗ ಸಮಾಧಾನ ಆಯ್ತು. ಮೊದ್ಲು ಏನೇನೋ ಕೇಳಿದ್ದೆ, ಭಯ ಇತ್ತು” ಎಂದರು. ಗೊತ್ತಿದ್ದೂ ಗೊತ್ತಿದ್ದೂ ಕೀಳಾದ ಕೆಲಸ ಮಾಡಿ ಧನ್ಯವಾದ ಪಡೆದೆ. ನನ್ನ ವೃತ್ತಿಯಲ್ಲಿ ಇಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ.

ಹೊರಗೆ ಬಂದರೆ ಅಪ್ಪನ ಕುರ್ಚಿ ಖಾಲಿ ಇತ್ತು. ಅಳು ತಡೆಯಲಾಗದೆ ಎದ್ದು ಬೀದಿಗೆ ಹೋಗಿ ನಿಂತಿದ್ದರು. ಆ ಸದ್ದಿ‌ನಲ್ಲೇ ನಲವತ್ತು ವರ್ಷ ಕಳೆದ ಮನುಷ್ಯನಿಗೆ ಈಗ ಅದನ್ನು ಕೇಳಲು ಆಗುತ್ತಿಲ್ಲ. ನನ್ನನ್ನು ನೋಡಿ, “ಹಲ್ಲಿನ ವಿಷಯದಲ್ಲಿ ನಾನು ತಪ್ಪಿದ್ದೆ ಕಣಮ್ಮಾ. ನಿನ್ನ ಇಲಾಖೆ ವಿಷಯದಲ್ಲಿ ಮಾತ್ರ ಸರಿಯಾಗೇ ಹೇಳಿದ್ದೆ. ಅದು ಉಲ್ಟಾ ಆಗಿದ್ರೆ ಎಷ್ಟು ಚೆನ್ನಾಗಿತ್ತು” ಎಂದರು.

ನನಗೆ ಬೇಕಾದ್ದು ಸನ್ಮಾನವಲ್ಲ, ಗೋಡೆಯ ಮೇಲಿನ ಆ ಫೋಟೋವನ್ನು ದಯವಿಟ್ಟು ಇಳಿಸಿಬಿಡಿ. ಆದೇಶವನ್ನು ಹಿಂತೆಗೆದುಕೊಳ್ಳಿ. ಈ ಚಿಕಿತ್ಸೆ ಸರಿಯಾದದ್ದು, ಇದನ್ನು ತಿಳಿದು, ತಂದೆತಾಯಂದಿರಿಗೆ ತಿಳಿಸಿ ಮಾಡುವವರು ತಪ್ಪಿತಸ್ಥರಲ್ಲ ಎಂದು ಪ್ರತಿಯೊಬ್ಬ ಹಲ್ಲಿನ ಡಾಕ್ಟರಿಗೂ ಬರೆದು ತಿಳಿಸಿ. ಇಲ್ಲವೇ ಇದು ತಪ್ಪೆಂದು ನಿಮ್ಮ ತರಬೇತಿಯಿಂದ ತೆಗೆದುಹಾಕಿ. ಎರಡೂ ಕಡೆ ಕಾಲಿಟ್ಟು ನಿಲ್ಲಬೇಡಿ, ಕೆಳಗೆ ನಾವಿದ್ದೇವೆ. ಇನ್ನೊಂದು ಕೆಲಸವನ್ನು ಮಾತ್ರ ನೀವು ಪತ್ರದಲ್ಲಿ ಮಾಡುವ ಹಾಗಿಲ್ಲ. ನಮ್ಮ ಬೀದಿಯ ತಿರುವಿನ ಟೈಲರ್ ಅಂಗಡಿಗೆ ನೀವೇ ಬರಬೇಕು. ಹೊಲಿಗೆ ಮಿಷನ್ನಿನ ಪಕ್ಕದಲ್ಲಿ ಒಂದು ಸ್ಟೂಲ್ ಇದೆ, ಅದರ ಮೇಲೆ ಕೂತು ಆ ತಂದೆಗೆ ನಿಮ್ಮ ಬಾಯಿಂದ ಹೇಳಬೇಕು, ನಿಮ್ಮ ಮಗಳ ಹಲ್ಲಿಗೆ ಯಾರೂ ತೇಪೆ ಹಾಕಿರಲಿಲ್ಲ, ಆ ಹಲ್ಲು ಚೆನ್ನಾಗಿತ್ತು ಎಂದು. ಅವರಿಗೆ ಅದನ್ನು ಕೇಳಿ ನೋವಾಗುತ್ತದೆ, ಕೈಯಾರೆ ಹಿಡಿದು ಕೀಳಿಸಿದೆನಲ್ಲ ಎಂದು. ಆ ನೋವನ್ನು ಎದುರು ಕೂತು ನೋಡುವುದೂ ನಿಮ್ಮ ಹೊಣೆಯೇ. ಅವರ ಮಗಳು ಈಗ ನಮ್ಮ ಕ್ಲಿನಿಕ್ಕಿನ ಮುಂದೆ ಬಂದಾಗಲೆಲ್ಲ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಓಡುತ್ತಾಳೆ. ಅವಳಿಗೆ ಏನು ಹೇಳಬಹುದೋ ನನಗಂತೂ ತಿಳಿದಿಲ್ಲ.

ಬೇಗ ನಿರ್ಧರಿಸಿ. ನಾಳೆ ಬೆಳಿಗ್ಗೆ ಮೊದಲು ಬರುವವನು ಐದು ವರ್ಷದ ಒಬ್ಬ ಹುಡುಗ, ಅಂಥದೇ ಹಲ್ಲು. ಅವನಿಗೆ ನೋವಾಗುತ್ತದೆ. ಆಗಬೇಕಾಗಿರಲಿಲ್ಲ.

ಇಂತಿ,
ನಿಮ್ಮ ಮಾತನ್ನು ಮಾತೆಂದೇ ತಿಳಿದಿದ್ದ
ಒಬ್ಬ ಹಲ್ಲಿನ ಡಾಕ್ಟರು